ಪೈನ್‌ಗೆ ಬಿಸಿಲು, ಫರ್‌ಗೆ ನೆರಳು

ಸಿಂಧನೂರಿನಲ್ಲಿ ಡಿಸೆಂಬರ್ ಬಂತೆಂದರೆ ರಸ್ತೆ ಬದಿಯ ನರ್ಸರಿಯವರು ಅಂತಸ್ತು ಅಂತಸ್ತಾಗಿ ಕೈ ಚಾಚಿದ ಒಂದು ಗಿಡವನ್ನು ಪ್ಲಾಸ್ಟಿಕ್ ಕುಂಡಗಳಲ್ಲಿಟ್ಟು ಸಾಲಾಗಿ ಜೋಡಿಸುತ್ತಾರೆ. ಈ ಸಲ ಮಗಳು ಒಂದು ಬೇಕೇ ಬೇಕೆಂದು ನನ್ನನ್ನು ಎಳೆದುಕೊಂಡು ಹೋದಳು. ನರ್ಸರಿಯವನು ಕುಂಡವನ್ನು ತಿರುಗಿಸಿ ತಿರುಗಿಸಿ ತೋರಿಸಿದ.

“ಪೈನ್ ಅನ್ರಿ, ಫರ್ ಅನ್ರಿ, ಎಲ್ಲಾ ಒಂದೇ ಮೇಡಂ. ದಿನಾ ಒಂದು ಚೊಂಬು ನೀರು ಹಾಕ್ರಿ, ಸಾಕು.”

ನನಗೆ ಸಿಟ್ಟು ನೆತ್ತಿಗೇರಿತು. ಅವನ ಕೈಯಲ್ಲಿದ್ದದ್ದು ಪೈನೂ ಅಲ್ಲ, ಫರ್ರೂ ಅಲ್ಲ, ಬೇರೆ ಯಾವುದೋ ಅಲಂಕಾರದ ಗಿಡ. ಅದು ಹೋಗಲಿ, ವ್ಯಾಪಾರ ಅಂದಮೇಲೆ ಅಷ್ಟು ಸುಳ್ಳು ಇದ್ದದ್ದೇ. ಆದರೆ ಎರಡೂ ಒಂದೇ ಎನ್ನುವ ಮಾತು, ಎರಡಕ್ಕೂ ಒಂದೊಂದು ಚೊಂಬು ಎನ್ನುವ ಲೆಕ್ಕ, ಇವನ್ನು ನಾನು ಸುಮ್ಮನೆ ಕೇಳಿಕೊಂಡು ನಿಲ್ಲಲಾರೆ. ಆ ಲೆಕ್ಕದಿಂದ ನಮ್ಮ ಮನೆಯಲ್ಲಿ ಒಬ್ಬ ಹೆಂಗಸನ್ನು ಗಂಡ ಬದುಕಿರುವಾಗಲೇ ವಿಧವೆಯ ಹಾಗೆ ನೋಡುವುದಕ್ಕೆ ಶುರು ಮಾಡಿದ್ದರು. ನಾನು ನರ್ಸರಿಯವನಿಗೆ ಪೈನ್‌ಗೂ ಫರ್‌ಗೂ ಇರುವ ವ್ಯತ್ಯಾಸವನ್ನು ಹೇಳಲು ಶುರು ಮಾಡಿದಾಗ ಅವನು ಪಾಪ ಮಗಳ ಮುಖ ನೋಡಿದ. ಮಗಳು ನನ್ನ ಸೀರೆಯ ಸೆರಗು ಜಗ್ಗಿದಳು. ಗಿಡ ಕೊಳ್ಳದೆ ಮನೆಗೆ ಬಂದೆವು, ದಾರಿಯುದ್ದಕ್ಕೂ ಅವಳು ನನ್ನೊಡನೆ ಮಾತಾಡಲಿಲ್ಲ.

ನಾನು ಬೆಳೆದ ಮನೆ ಮಸ್ಕಿಯ ಗುಡ್ಡದ ಬುಡದಲ್ಲಿತ್ತು. ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಹಿಂದಿನ ಗುಡ್ಡ ಹಗಲೆಲ್ಲ ಬಿಸಿಲು ಕುಡಿದು ಸಂಜೆಗೆ ಅದನ್ನು ನಮ್ಮ ಹಿತ್ತಲಿಗೆ ಸುರಿಯುತ್ತಿತ್ತು. ಬೀದಿಯ ಬಾಗಿಲು ದಾಟಿದರೆ ಪಡಸಾಲೆ, ಪಡಸಾಲೆಯ ಬಲಕ್ಕೆ ದೇವರ ಕೋಣೆ, ಎಡಕ್ಕೆ ಜೋಳದ ಚೀಲಗಳ ಕತ್ತಲೆ ಕೋಣೆ, ಎದುರಿಗೆ ಅಡಿಗೆಮನೆ, ಅದರಾಚೆ ಬಚ್ಚಲು ಮತ್ತು ಹಿತ್ತಲು. ಮನೆಯಲ್ಲಿ ಅಪ್ಪ, ಅವ್ವ, ನಾನು, ಅಪ್ಪನ ತಾಯಿ ಆಯಿ, ಅಪ್ಪನ ತಮ್ಮ ಅಮರೇಶ ಕಾಕಾ, ಅವನ ಹೆಂಡತಿ ಸರೋಜ ಚಿಗವ್ವ. ಅಪ್ಪ ಲಿಂಗಸುಗೂರಿನ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ, ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದ. ಕಾಕಾ ಉತ್ತರದ ಹಿಮದ ಬೆಟ್ಟಗಳ ಕಡೆ ಮಿಲಿಟ್ರಿಯಲ್ಲಿದ್ದ, ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ. ಚಿಗವ್ವ ಕಾಲುವೆ ನೀರಿನ ಊರಾದ ವಳಕಮದಿನ್ನಿಯವಳು. ಅಲ್ಲಿ ಮೂರು ಹೊತ್ತೂ ಅನ್ನ. ನಮ್ಮಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅನ್ನ ಎಂದರೆ ಊಟದ ಕೊನೆಗೆ ಮಜ್ಜಿಗೆಗೆ ಒಂದು ಮುಷ್ಟಿ. ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಅವಳ ರೊಟ್ಟಿ ಹೆಂಚಿನ ಮೇಲೆ ಹರಿದರೆ ಆಯಿ ಪಡಸಾಲೆಯಿಂದಲೇ ಅದರ ಸಪ್ಪಳ ಹಿಡಿಯುತ್ತಿದ್ದಳು.

“ಕಾಲವಿ ನೀರಿನ ಪೈರು, ನಮ್ಮ ಮಸಾರಿ ನೆಲಕ್ಕ ಹತ್ತಬೇಕಂದ್ರ ಟೈಮ್ ಹಿಡೀತೈತಿ ಬಿಡು.”

ಇದನ್ನು ಆಯಿ ನಗುತ್ತಲೇ ಹೇಳುತ್ತಿದ್ದಳು. ಆಯಿ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಓದಿದವರಿಗೆ ಹಾಗೆ ಅನ್ನಿಸಬಹುದು. ಅವಳಿಗೆ ಒಂದೇ ಒಂದು ಹುಚ್ಚು ಇತ್ತು: ಪಂಕ್ತಿಭೇದ ಮಾಡಬಾರದು. ಮನೆಗೆ ಬಂದ ಕೂಲಿಯವರಿಗೂ ಬೀಗರಿಗೂ ಒಂದೇ ಸೌಟಿನಲ್ಲಿ ಬಡಿಸುತ್ತಿದ್ದಳು. ಹೋಳಿಗೆ ಮಾಡಿದ ದಿನ ನನಗೆ ಎಷ್ಟೋ ಅಪ್ಪನಿಗೂ ಅಷ್ಟೇ. ನನಗೆ ಹೊಟ್ಟೆ ಬಿರಿಯುತ್ತಿತ್ತು, ಅಪ್ಪ ಅರೆಹೊಟ್ಟೆಯಲ್ಲಿ ಏಳುತ್ತಿದ್ದ. ಯಾರಾದರೂ ಅಂದರೆ, “ಒಂದೇ ಪಂಕ್ತ್ಯಾಗ ಎರಡು ನಮೂನಿ ಬಡಿಸಿದ ಕೈಗೆ ಹುಳ ಬೀಳ್ತಾವು,” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆ ಕೈ ಎಲ್ಲರಿಗೂ ಪ್ರೀತಿಯಿಂದ ಬಡಿಸಿದ ಕೈ. ಅದಕ್ಕೇ ಅದನ್ನು ತಡೆಯುವುದು ಯಾರಿಂದಲೂ ಆಗಲಿಲ್ಲ.

ನನಗೆ ಎಂಟೋ ಒಂಬತ್ತೋ ವರ್ಷವಿದ್ದಾಗ ಕಾಕಾ ರಜೆಗೆ ಬಂದವನು ಟ್ರಂಕಿನ ಜೊತೆ ಒಂದು ಎಣ್ಣೆ ಡಬ್ಬಿ ಹಿಡಿದುಕೊಂಡು ಬಂದ. ಡಬ್ಬಿಯ ತುಂಬ ಹಸಿ ಹಾವಸೆ, ಅದರ ನಡುವೆ ಗೇಣುದ್ದದ ಎರಡು ಸಸಿ. ಮೂರು ದಿನ ರೈಲಿನಲ್ಲಿ ಆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದನಂತೆ. ನಾವೆಲ್ಲ ಹಿತ್ತಲಲ್ಲಿ ಸುತ್ತುಗಟ್ಟಿ ಕೂತೆವು. ಕಾಕಾ ಮೇಷ್ಟ್ರ ಹಾಗೆ ಒಂದೊಂದೇ ಸಸಿ ಎತ್ತಿ ಹಿಡಿದ. ಪೈನಿನ ಎಲೆ ಎಂದರೆ ಉದ್ದನೆಯ ಸೂಜಿ. ಮೂರು ಮೂರು ಸೂಜಿ ಬುಡದಲ್ಲಿ ಒಂದಾಗಿ ಕಟ್ಟಿದ ಹಾಗೆ ಇರುತ್ತವೆ. ಫರ್ರಿನ ಎಲೆ ಗಿಡ್ಡ, ಚಪ್ಪಟೆ, ಒಂದೊಂದೇ ಬಿಡಿಬಿಡಿಯಾಗಿ ಕಡ್ಡಿಗೆ ಅಂಟಿಕೊಂಡಿರುತ್ತವೆ. ಮಗುಚಿದರೆ ಹೊಟ್ಟೆಯಲ್ಲಿ ಎರಡು ಬಿಳಿ ಗೆರೆ. ಪೈನ್ ಬಿಸಿಲಿನದು. ಬುಡ ಒಣಗಿದ ಮೇಲೆ ನೀರು ಹಾಕಬೇಕು, ನೀರು ನಿಂತರೆ ಬೇರು ಕೊಳೆಯುತ್ತದೆ. ಬಂದ ಮಣ್ಣನ್ನು ಬೇರಿನಿಂದ ತೊಳೆಯಬಾರದು, ಆ ಮಣ್ಣಿನಲ್ಲೇ ಅದರ ಜೀವ. ಅದು ಲಗುಬಗೆಯ ಗಿಡ, ಒಂದು ವರ್ಷದಲ್ಲಿ ಮೊಣಕಾಲು ಮುಟ್ಟಬಹುದು. ಫರ್ ತಂಪಿನದು. ನೆರಳು ಬೇಕು, ಬುಡ ಯಾವಾಗಲೂ ಹಸಿ ಇರಬೇಕು ಆದರೆ ಕೆಸರಾಗಬಾರದು. ಸವಳು ನೀರು ಆಗದು, ಸುಣ್ಣ ಅಂತೂ ವಿಷ. ವರ್ಷಕ್ಕೆ ಒಂದು ಬೆರಳು ಬೆಳೆದರೆ ದೊಡ್ಡದು. ಹೀಗೆ ಒಂದಕ್ಕೆ ಬೇಕಾದದ್ದು ಇನ್ನೊಂದಕ್ಕೆ ಬೇಡ. ಚಿಗವ್ವ ಹತ್ತನೆಯ ತರಗತಿ ಪಾಸಾದವಳು, ಒಂದು ಸಲ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಪೈನನ್ನು ಹಿತ್ತಲಿನ ನಡುವೆ ಗುಡ್ಡದಿಂದ ತಂದ ಮರಳುಮಣ್ಣಿನಲ್ಲಿ ಇಟ್ಟಳು. ಫರ್ರನ್ನು ಬಚ್ಚಲ ಗೋಡೆಯ ಬಡಗಣ ನೆರಳಿನಲ್ಲಿ, ಒಡೆದ ಗುಡಾಣದ ತಳದೊಳಗೆ ಎಲೆಗೊಬ್ಬರ ತುಂಬಿ ನೆಟ್ಟು, ಸುತ್ತಲೂ ಮೇಲೂ ಹಸಿ ಗೋಣಿತಟ್ಟು ಕಟ್ಟಿದಳು. ಆಯಿ ಅವಕ್ಕೆ ಹೆಸರಿಟ್ಟಳು: ಪೈನ್ ದೊಡ್ಡಾತ, ಫರ್ ಸಣ್ಣಾತ.

ರಜೆ ಮುಗಿದು ಕಾಕಾ ಹೊರಟ ಬೆಳಿಗ್ಗೆ ಎಲ್ಲರೂ ಬೀದಿ ಬಾಗಿಲಲ್ಲಿ ನಿಂತಿದ್ದೆವು. ನಮ್ಮ ಕಡೆ ಹೊರಡುವವರು ಹೊಸ್ತಿಲ ಮೇಲೆ ನಿಂತು ಮಾತಾಡಬಾರದು. ಆಡಿದರೆ ಅದು ನುಡಿಯಾಗುತ್ತದೆ, ನಡೆದೇ ತೀರುತ್ತದೆ ಎಂದು ಆಯಿ ನಂಬಿದ್ದಳು. “ಹೋಗಿ ಬರ್ತೀನಿ” ಎನ್ನುವುದನ್ನೂ ಒಳಗೆ ದೇವರ ಮುಂದೆ ಹೇಳಿ ಬರಬೇಕು. ಕಾಕಾ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು, ಚಿಗವ್ವನ ಬಾಡಿದ ಮುಖ ನೋಡಿ ಅವಳನ್ನು ನಗಿಸಲು ಹೋದ.

“ಏ, ಯಾಕ ಅಳ್ತಿ? ಆ ಎರಡು ಗಿಡ ಚಂದಗೆ ಇಟ್ಕೋ. ಅವು ಬದುಕಿದ್ರ ನಾನೂ ಬದುಕಿ ಬರ್ತೀನಿ.”

ಅವನು ನಗುತ್ತ ಇಳಿದು ಹೋದ. ಆಯಿ ಮಾತ್ರ ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ಕುಸಿದು ಕೂತಳು. ಅವ್ವ ಓಡಿಹೋಗಿ ನೀರು ತಂದಳು. ಆಯಿ ನೀರು ಕುಡಿಯದೆ, “ಹೊಸ್ತಿಲ ಮ್ಯಾಲ ಅಂದು ಹೋದ್ನಲ್ಲೇ,” ಎಂದಷ್ಟೇ ಹೇಳಿದಳು. ಆವತ್ತು ಮನೆಯಲ್ಲಿ ಒಲೆ ಹತ್ತಿದ್ದು ಮಧ್ಯಾಹ್ನವಾದ ಮೇಲೆ. ಊಟಕ್ಕೆ ಕೂತಾಗ ಆಯಿ ಚಿಗವ್ವನ ಕಡೆ ನೋಡಿ, ಸಿಟ್ಟಿಲ್ಲದೆ, ಕೆಲಸ ಹಂಚುವ ದನಿಯಲ್ಲಿ, “ಅವು ಇನ್ಮ್ಯಾಲ ಗಿಡ ಅಲ್ಲ ಸರೋಜ. ತಿಳೀತಿಲ್ಲೋ?” ಎಂದಳು. ಚಿಗವ್ವ ತಲೆಯಾಡಿಸಿದಳು. ಅವಳ ಕೈಯಲ್ಲಿದ್ದ ತುತ್ತು ತಟ್ಟೆಗೆ ಹಿಂತಿರುಗಿತು.

ಮೊದಲ ಕೆಲವು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ಕಾಕಾ ತಿಂಗಳಿಗೊಮ್ಮೆ ಪಕ್ಕದ ಹತ್ತಿ ವ್ಯಾಪಾರಿಯ ಅಂಗಡಿಗೆ ಫೋನ್ ಮಾಡುತ್ತಿದ್ದ, ನಾವೆಲ್ಲ ಓಡುತ್ತಿದ್ದೆವು. ಚಿಗವ್ವ ಬೆಳಗಾಗುವ ಮುಂಚೆ ಹಿತ್ತಲಿಗೆ ಹೋಗಿ ಪೈನಿನ ಬುಡಕ್ಕೆ ಬೆರಳು ಚುಚ್ಚಿ ನೋಡುತ್ತಿದ್ದಳು. ಬೆರಳಿಗೆ ಮಣ್ಣು ಅಂಟಿದರೆ ನೀರಿಲ್ಲ, ಅಂಟದಿದ್ದರೆ ಅರ್ಧ ತಂಬಿಗೆ. ಫರ್‌ಗೆ ಮಾತ್ರ ಕುಡಿಯುವ ಸಿಹಿ ನೀರೇ ಆಗಬೇಕು. ನಮ್ಮ ಓಣಿಯ ಬಾವಿ ಸವಳು. ಸಿಹಿ ನೀರನ್ನು ದೂರದಿಂದ ಹೊತ್ತು ತರಬೇಕಾಗಿತ್ತು, ತರುವವಳು ಅವ್ವ. ಒಂದು ದಿನ ಅವ್ವ ಕೊಡ ಇಳಿಸಿ ಸೊಂಟ ಹಿಡಿದುಕೊಂಡು, “ನಾವು ಸವಳು ನೀರಾಗ ಬ್ಯಾಳಿ ಬೇಯಿಸಬೇಕು, ನಿನ್ನ ಗಿಡಕ್ಕ ಸೀನೀರು ಬೇಕೇನಬೇ?” ಎಂದು ಜಗಳ ತೆಗೆದಳು. ಚಿಗವ್ವ ಮರುದಿನದಿಂದ ತನ್ನ ಪಾಲಿನ ಕುಡಿಯುವ ನೀರಿನಲ್ಲೇ ಉಳಿಸಿ ಹಾಕತೊಡಗಿದಳು. ಬೇಸಿಗೆ ಬಂದಾಗ ಅವಳ ತುಟಿ ಒಡೆದಿದ್ದವು. ಅವ್ವ ಅದನ್ನು ನೋಡಿ ಸುಮ್ಮನೆ ಒಂದು ಕೊಡ ಹೆಚ್ಚು ತರಲು ಹೋದಳು. ಆ ಜಗಳ ಹಾಗೆ ಮುಗಿಯಿತು.

ತೊಂದರೆ ಇದ್ದದ್ದು ಚಿಗವ್ವ ಹೊರಗೆ ಕೂಡುವ ದಿನಗಳಲ್ಲಿ. ಆಗ ಅವಳು ಗಿಡ ಮುಟ್ಟುವಂತಿಲ್ಲ, ಹಿತ್ತಲಿಗೆ ಕಾಲಿಡುವಂತಿಲ್ಲ. ಪಡಸಾಲೆಯ ಹೊರಗಿನ ಕಟ್ಟೆಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂತಿರುತ್ತಿದ್ದಳು. ಆ ದಿನಗಳಲ್ಲಿ ಗಿಡಗಳಿಗೆ ನೀರು ಹಾಕುವವಳು ಆಯಿ. ಆಯಿಯ ಸೌಟು ನಿಮಗೆ ಗೊತ್ತೇ ಇದೆ. ದೊಡ್ಡಾತನಿಗೆ ಒಂದು ತಂಬಿಗೆ, ಸಣ್ಣಾತನಿಗೆ ಒಂದು ತಂಬಿಗೆ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಪೈನಿನ ಬುಡದಲ್ಲಿ ನೀರು ನಿಲ್ಲುತ್ತಿತ್ತು. ಫರ್ರಿನ ಮೇಲಿದ್ದ ಗೋಣಿತಟ್ಟನ್ನು ಆಯಿ ತೆಗೆದಿಡುತ್ತಿದ್ದಳು, ದೊಡ್ಡಾತ ಬಿಸಿಲು ಕಾಣುವಾಗ ಸಣ್ಣಾತನನ್ನು ಕತ್ತಲಲ್ಲಿ ಮುಚ್ಚಿಡಬಾರದೆಂದು. ಚಿಗವ್ವ ಕಟ್ಟೆಯಿಂದ ನನ್ನನ್ನು ಕರೆದು ಕೇಳುತ್ತಿದ್ದಳು.

“ಗೋಣಿ ಐತೇನು? ದೊಡ್ಡದರ ಬುಡಕ್ಕ ನೀರು ನಿಂತೈತೇನು? ಹೋಗಿ ನೋಡಿ ಬಾ, ನನ್ನವ್ವ.”

ನಾನು ಓಡಿಹೋಗಿ ನೋಡಿ ಬಂದು ಹೇಳುತ್ತಿದ್ದೆ. ಅವಳು ಕಣ್ಣು ಮುಚ್ಚಿ ಗೋಡೆಗೆ ತಲೆ ಆನಿಸಿ ಕೂಡುತ್ತಿದ್ದಳು. ಎದ್ದು ಹೋಗಿ ಗೋಣಿ ಮುಚ್ಚಿದರೆ ಮೈಲಿಗೆ ಮಾಡಿದಳೆಂಬ ಮಾತು, ಕೂತಲ್ಲೇ ಇದ್ದರೆ ಗಿಡ ಸಾಯುತ್ತದೆ. ಈಗಲೂ ಯಾರಾದರೂ ನನ್ನನ್ನು ದೂರದಿಂದ ದನಿ ತಗ್ಗಿಸಿ ಕರೆದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತೇನೆ.

ಅಮಾವಾಸ್ಯೆಗಳು ಅದಕ್ಕಿಂತ ಕೆಟ್ಟವು. ದೂರದಲ್ಲಿರುವ ಮಗನಿಗೆ ದೃಷ್ಟಿ ತಗುಲಬಾರದೆಂದು ಆಯಿ ಪ್ರತಿ ಅಮಾವಾಸ್ಯೆಯ ಸಂಜೆ ಹಿತ್ತಾಳೆ ತಟ್ಟೆಯಲ್ಲಿ ನೀರು ಹಾಕಿ, ಅರಿಷಿಣ ಕದಡಿ, ಅದಕ್ಕೆ ಸುಣ್ಣ ಬೆರೆಸುತ್ತಿದ್ದಳು. ನೀರು ರಕ್ತದಂತೆ ಕೆಂಪಾಗುತ್ತಿತ್ತು. ಆ ತಟ್ಟೆಯನ್ನು ಪೈನ್‌ಗೂ ಫರ್‌ಗೂ ನಿವಾಳಿಸಿ, ನೀರನ್ನು ಸಮನಾಗಿ ಎರಡರ ಬುಡಕ್ಕೂ ಸುರಿಯುತ್ತಿದ್ದಳು. ಪೈನ್ ಹೇಗೋ ತಡೆದುಕೊಂಡಿತು. ಫರ್ರಿನ ಎಲೆಗಳ ತುದಿ ಪ್ರತಿ ಅಮಾವಾಸ್ಯೆ ಕಳೆದ ಮೇಲೆ ಕಂದುಬಣ್ಣಕ್ಕೆ ತಿರುಗುತ್ತಿದ್ದವು. ಚಿಗವ್ವ ಅದನ್ನು ಗುರುತಿಸಿದಳು. ಒಂದು ಸಂಜೆ ಧೈರ್ಯ ಮಾಡಿ ಹೇಳಿಯೂ ಬಿಟ್ಟಳು.

“ಅತ್ತೀ, ಸಣ್ಣದಕ್ಕ ಸುಣ್ಣ ಆಗಿಬರಂಗಿಲ್ರಿ. ಅವ್ರು ಹೇಳಿದ್ರಲ್ಲ. ಖಾಲಿ ನೀರು ಹಾಕ್ರಿ ಬೇಕಾದ್ರ.”

“ನನ್ನ ಮಗನ ದೃಷ್ಟಿ ತಗೀಬ್ಯಾಡ ಅಂತೀಯೇನು?”

“ನಾ ಗಿಡದ ಮಾತು ಹೇಳಾಕತ್ತೀನ್ರಿ.”

“ನಾನೂ ಅದನ್ನೇ ಹೇಳಾಕತ್ತೀನಿ!”

ಪಡಸಾಲೆಯಲ್ಲಿ ಕೂತಿದ್ದ ಅಪ್ಪ ಎದ್ದು ಬಂದ. ಅಪ್ಪ ಓದಿದವನು, ಸುಣ್ಣದ ವಿಷಯ ಅವನಿಗೂ ಗೊತ್ತಿತ್ತು. ಆಯಿಯ ಮುಖ ನೋಡಿದ, ಚಿಗವ್ವನ ಮುಖ ನೋಡಿದ, ಕೊನೆಗೆ ಚಪ್ಪಲಿ ಮೆಟ್ಟಿಕೊಂಡು ಬಜಾರಿನ ಕಡೆ ಹೋದ. ಅಪ್ಪನ ಮೇಲೆ ನನಗೆ ಇವತ್ತಿಗೂ ಆ ಒಂದು ಸಿಟ್ಟು ಉಳಿದಿದೆ. ಅವನು ಒಂದು ಮಾತು ಆಡಿದ್ದರೆ ಆಯಿ ಕೇಳುತ್ತಿದ್ದಳು, ಗಂಡಸರ ಮಾತಿಗೆ ಅವಳು ಅಷ್ಟು ಬೆಲೆ ಕೊಡುತ್ತಿದ್ದಳು.

ಚಳಿಗಾಲ ಶುರುವಾದಾಗ ಕಾಕಾನ ಫೋನ್ ನಿಂತಿತು. ಮೊದಲ ತಿಂಗಳು ಯಾರೂ ಏನೂ ಅನ್ನಲಿಲ್ಲ. ಎರಡನೆಯ ತಿಂಗಳು ಹತ್ತಿ ಅಂಗಡಿಯ ಫೋನ್ ಹಾಳಾಗಿದೆಯೇನೋ ಎಂದು ಅಪ್ಪ ಹೋಗಿ ನೋಡಿ ಬಂದ, ಸರಿಯಾಗಿಯೇ ಇತ್ತು. ಲಿಂಗಸುಗೂರಿನ ಕಚೇರಿಯಿಂದ ಎಲ್ಲೆಲ್ಲಿಗೋ ಫೋನ್ ಹಚ್ಚಿ ಕೇಳಿದ. ದಾರಿ ಹಿಮದಲ್ಲಿ ಮುಚ್ಚಿದೆ, ಸುದ್ದಿ ಬಂದಾಗ ತಿಳಿಸುತ್ತೇವೆ ಅಂದರಂತೆ. ಅಪ್ಪ ಅದನ್ನು ಊಟಕ್ಕೆ ಕೂತಾಗ ತಲೆ ಎತ್ತದೆ ಹೇಳಿದ. ಅದೇ ವಾರ ಫರ್ ಎಲೆ ಉದುರಿಸತೊಡಗಿತು. ಪೈನಿನ ಹಳೆಯ ಸೂಜಿಗಳು ಉದುರಿದರೂ ತುದಿಯಲ್ಲಿ ಹೊಸ ಮೊಗ್ಗು ಬತ್ತಿಯ ಹಾಗೆ ನಿಮಿರಿಕೊಂಡಿರುತ್ತದೆ. ಫರ್‌ಗೆ ಆ ತಾಕತ್ತಿಲ್ಲ. ಬರಿದಾದ ಕಡ್ಡಿ ಮತ್ತೆ ಚಿಗುರುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಅಂತಸ್ತು ಬೋಳಾಗುತ್ತ ಬಂದು ಕೊನೆಗೆ ನೆತ್ತಿ ಬಾಗಿತು. ಚಿಗವ್ವ ಉಗುರಿನಿಂದ ಕಾಂಡವನ್ನು ಕೆರೆದು ನೋಡಿದಳು, ಒಳಗೆ ಹಸಿರಿರಲಿಲ್ಲ. ಅವಳು ಮತ್ತೆ ಗೋಣಿತಟ್ಟು ಮುಚ್ಚಿ ಮೇಲಿಂದ ನೀರು ಚಿಮುಕಿಸಿದಳು. ಬೋಳು ಕಡ್ಡಿಗೆ ಅವಳು ಎಷ್ಟೋ ದಿನ ಹಾಗೆಯೇ ನೀರು ಚಿಮುಕಿಸುತ್ತಿದ್ದಳು, ನಾನು ನೋಡುತ್ತಿದ್ದೆ.

ಆಯಿಗೆ ಗೊತ್ತಾಗದೆ ಇರುತ್ತದೆಯೇ? ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನದಿಂದ ಚಿಗವ್ವ ಕೊಟ್ಟ ನೀರನ್ನು ಕುಡಿಯುವುದು ಬಿಟ್ಟಳು. ಚಿಗವ್ವ ಬಡಿದ ರೊಟ್ಟಿ ಬುಟ್ಟಿಯಲ್ಲಿ ಮೇಲೆ ಇದ್ದರೆ ಕೆಳಗಿನಿಂದ ಅವ್ವನದನ್ನು ಹುಡುಕಿ ತೆಗೆದುಕೊಳ್ಳುತ್ತಿದ್ದಳು. ಪಂಕ್ತಿಭೇದ ಮಾಡದ ಆಯಿ ಜೀವನದಲ್ಲಿ ಮೊದಲ ಸಲ ಪಂಕ್ತಿಭೇದ ಮಾಡಿದಳು, ಅದನ್ನು ನಮ್ಮ ಕಣ್ಣೆದುರಿಗೇ ಮಾಡಿದಳು. ಓಣಿಯ ಹೆಂಗಸರಿಗೆ ಸುದ್ದಿ ಹೋಯಿತು. ಮಧ್ಯಾಹ್ನದ ಹೊತ್ತು ಒಬ್ಬೊಬ್ಬರೇ ಬಂದು ಪಡಸಾಲೆಯಲ್ಲಿ ಕೂಡುತ್ತಿದ್ದರು, ಹೆಚ್ಚು ಮಾತಾಡದೆ ಚಿಗವ್ವ ಓಡಾಡುವುದನ್ನು ನೋಡುತ್ತಿದ್ದರು. ಅವರ ಕಣ್ಣೆಲ್ಲ ಅವಳ ಕೈಬಳೆಯ ಮೇಲೆ. ಸಂತೆಕಲ್ಲೂರಿನಿಂದ ಅಪ್ಪನ ಸೋದರತ್ತೆ ಒಬ್ಬಳು ಬಂದವಳು ಆಯಿಯ ಪಕ್ಕ ಕೂತು ಸೆರಗು ಬಾಯಿಗೆ ಹಚ್ಚಿ ಬಿಕ್ಕಿದಳು. ಇನ್ನೂ ಯಾರೂ ಸತ್ತಿರಲಿಲ್ಲ.

ಮಹಾನವಮಿಗಿಂತ ನಮ್ಮ ಮನೆಯಲ್ಲಿ ಸಂಕ್ರಾಂತಿಗೆ ಹೆಂಗಸರು ಹೆಚ್ಚು ಸೇರುತ್ತಿದ್ದರು. ಸಜ್ಜಿ ರೊಟ್ಟಿ, ಎಳ್ಳು, ಬೆಲ್ಲ, ಬಂದವರಿಗೆಲ್ಲ ಅರಿಷಿಣ ಕುಂಕುಮ. ಆ ಸಲವೂ ಪಡಸಾಲೆಯಲ್ಲಿ ಹೆಂಗಸರು ಗೋಡೆಗುಂಟ ಸಾಲಾಗಿ ಕೂತರು. ಆಯಿ ಕುಂಕುಮದ ಬಟ್ಟಲು ಕೊಟ್ಟು ಅವ್ವನನ್ನು ಕಳಿಸಿದಳು. ಕೆನ್ನೆಗೆ ಅರಿಷಿಣ, ಹಣೆಗೆ ಕುಂಕುಮ, ಒಬ್ಬರಾದ ಮೇಲೆ ಒಬ್ಬರಿಗೆ. ಸಾಲಿನ ಕೊನೆಯಲ್ಲಿ ಚಿಗವ್ವ ಕೂತಿದ್ದಳು. ಅವ್ವ ಅವಳ ಮುಂದೆ ಬಂದು ಬೊಟ್ಟು ಅದ್ದಿದಾಗ ಆಯಿ, “ಸಾಕು, ಒಳಗ ಬಾ,” ಎಂದಳು. ಅವ್ವ ನಿಂತಳು. ಚಿಗವ್ವ ಎದ್ದು ಅವ್ವನ ಕೈಯಿಂದ ಬಟ್ಟಲು ಇಸಿದುಕೊಂಡು, ಎಲ್ಲರೂ ನೋಡುತ್ತಿದ್ದಂತೆ ತನ್ನ ಹಣೆಗೆ ತಾನೇ ರೂಪಾಯಿ ಅಗಲದ ಕುಂಕುಮ ಇಟ್ಟುಕೊಂಡಳು. ಬಟ್ಟಲನ್ನು ಆಯಿಯ ಮುಂದೆ ಇಟ್ಟು ಹಿತ್ತಲಿಗೆ ಹೋದಳು.

ಇನ್ನು ಉಳಿದದ್ದು ಪೈನ್ ಒಂದೇ. ಅದು ನನ್ನ ಮೊಣಕಾಲಿನ ಮೇಲೆ ಬಂದಿತ್ತು. ಆದರೆ ಆಯಿಯ ನೀರಿನಿಂದ ಅದರ ಸೂಜಿಗಳೂ ಹಳದಿಯಾಗತೊಡಗಿದ್ದವು, ತುದಿಯ ಮೊಗ್ಗು ಮಂಕಾಗಿತ್ತು. ಚಿಗವ್ವ ಬುಡ ಬಿಡಿಸಿ ಸುತ್ತ ಕಾಲುವೆ ತೋಡಿ ನೀರು ಹರಿದುಹೋಗಲು ದಾರಿ ಮಾಡಿದಳು. ಬಿಸಿಲಿಗೆ ಅಡ್ಡವಾಗಿದ್ದ ಕಟ್ಟಿಗೆಯ ರಾಶಿಯನ್ನು ಒಬ್ಬಳೇ ಜಗ್ಗಿ ಗೋಡೆಗೆ ಒಟ್ಟಿದಳು. ಹೊರಗೆ ಕೂಡುವ ದಿನ ಬಂದಾಗ ಅವಳು ಕೂಡಲಿಲ್ಲ. ಯಾರಿಗೂ ಹೇಳದೆ ಹಿತ್ತಲಿನಲ್ಲಿ ಓಡಾಡಿಕೊಂಡೇ ಇದ್ದಳು. ಅವ್ವನಿಗೆ ಗೊತ್ತಾಯಿತು, ಅವ್ವ ಮುಚ್ಚಿಟ್ಟಳು. ಇದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ, ಅವ್ವನ ಬಾಯಿಂದ.

ಆಮೇಲಿನ ಅಮಾವಾಸ್ಯೆಗೆ ಆಯಿ ಕೆಂಪು ನೀರಿನ ತಟ್ಟೆ ಹಿಡಿದು ಹಿತ್ತಲಿಗೆ ಬಂದಳು. ಸತ್ತ ಫರ್ರಿನ ಕಡ್ಡಿಗೂ ನಿವಾಳಿಸಿ ಅದರ ಪಾಲಿನ ನೀರು ಅದಕ್ಕೆ ಸುರಿದಳು. ಪೈನಿನ ಕಡೆ ತಿರುಗಿದಾಗ ಚಿಗವ್ವ ಅಡ್ಡ ಬಂದು ನಿಂತಳು.

“ಇದಕ್ಕ ಬ್ಯಾಡ್ರಿ.”

“ಬಾಜೂಕ ಸರಿ ಬೇ. ಒಬ್ಬಾತನ್ನ ನುಂಗಿದಿ, ಇನ್ನೊಬ್ಬಾತನ್ನೂ ನುಂಗ್ತಿಯೇನು?”

“ನಿವಾಳಸ್ರಿ. ನಾ ಬ್ಯಾಡ ಅನ್ನಂಗಿಲ್ಲ. ನೀರು ಮಾತ್ರ ಬುಡಕ್ಕ ಬ್ಯಾಡ.”

“ಇಳಿಸಿದ ನೀರು ನೆಲಕ್ಕ ಹಾಕಾಕ ಬರಂಗಿಲ್ಲ. ಎಲ್ಲಿ ಹಾಕ್ಲಿ, ನಿನ್ನ ತಲೀಮ್ಯಾಲ ಹಾಕ್ಲೇನು?”

ಚಿಗವ್ವ ಸೀರೆಯ ನೆರಿಗೆಯನ್ನು ಸ್ವಲ್ಪ ಎತ್ತಿ ಹಿಡಿದಳು. “ನನ್ನ ಕಾಲಿನ ಮ್ಯಾಲ ಹಾಕ್ರಿ,” ಎಂದಳು. ನಾನು ಬಚ್ಚಲ ಬಾಗಿಲಲ್ಲಿ ಅವ್ವನ ಸೊಂಟ ಅಪ್ಪಿಕೊಂಡು ನಿಂತಿದ್ದೆ. ಆಯಿ ತಟ್ಟೆ ಬಗ್ಗಿಸಿದಳು. ಮಗನಿಗೆ ತಗುಲಿದ ದೃಷ್ಟಿಯನ್ನೆಲ್ಲ ಹೊತ್ತ ಆ ನೀರು ಚಿಗವ್ವನ ಪಾದಗಳ ಮೇಲೆ ಹರಿಯಿತು. ಅಂಥ ನೀರನ್ನು ತುಳಿಯಲಿಕ್ಕೂ ನಮ್ಮ ಜನ ಹೆದರುತ್ತಾರೆ. ಅವಳು ಅಲ್ಲಾಡದೆ ನಿಂತು, ಆಯಿ ಒಳಗೆ ಹೋದ ಮೇಲೆ ಕಾಲು ತೊಳೆಯದೆ ಅಡಿಗೆಮನೆಗೆ ಬಂದು ಒಲೆ ಹಚ್ಚಿದಳು. ಕಲ್ಲಿನ ನೆಲದ ಮೇಲೆ ಹಿತ್ತಲಿನಿಂದ ಒಲೆಯವರೆಗೂ ಕೆಂಪು ಹೆಜ್ಜೆ ಮೂಡಿದ್ದವು. ಅವ್ವ ಅವನ್ನು ಒರೆಸಲು ಹೋಗಿ, ಏನನ್ನಿಸಿತೋ, ಅರಿವೆಯನ್ನು ಅಲ್ಲೇ ಬಿಟ್ಟಳು. ಆವತ್ತಿನಿಂದ ಮೂರು ಅಮಾವಾಸ್ಯೆ ಹಾಗೆಯೇ ನಡೆಯಿತು. ಪೈನಿನ ಹಳದಿ ನಿಂತಿತು. ಚಿಗವ್ವನ ಪಾದದ ಚರ್ಮ ಸುಣ್ಣಕ್ಕೆ ಸುಲಿದಿತ್ತು.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಬೀದಿ ಬಾಗಿಲಲ್ಲಿ ಟ್ರಂಕ್ ಇಳಿಸಿದ ಸಪ್ಪಳವಾಯಿತು. ಕಾಕಾ ನಿಂತಿದ್ದ. ಕೆನ್ನೆ ಒಳಕ್ಕೆ ಹೋಗಿ, ಮೂಗಿನ ತುದಿ ಕಪ್ಪಾಗಿ, ಗುರುತು ಸಿಗದ ಹಾಗಿದ್ದ. ಆಯಿ ಅವನ ಮೈಯನ್ನು ತಲೆಯಿಂದ ಕಾಲಿನವರೆಗೂ ಕೈಯಿಂದ ಮುಟ್ಟಿ ಮುಟ್ಟಿ ನೋಡಿ ಗಟ್ಟಿಯಾಗಿ ಅತ್ತಳು. ಓಣಿಯೆಲ್ಲ ಬಂದು ಹೋಯಿತು. ಚಿಗವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ಒಂದು ಸಲ ನೋಡಿ ರೊಟ್ಟಿಯ ಹಿಟ್ಟಿಗೆ ಕುದಿ ನೀರು ಹಾಕಲು ಹೋದಳು. ಅವಳ ರೊಟ್ಟಿ ಆ ವೇಳೆಗೆ ಹೆಂಚಿನ ಅಗಲಕ್ಕೆ ಒಂದೂ ಹರಿಯದೆ ಬರುತ್ತಿದ್ದವು. ಸಂಜೆ ಊಟಕ್ಕೆ ಕೂತಾಗ ಕಾಕಾ ಹಿತ್ತಲ ಕಡೆ ನೋಡಿ ನಕ್ಕ.

“ಅಲಲಲೇ, ಪೈನ್ ಬದುಕೇತಿ! ಫರ್ ಹೋಗೇತಿ ಅಲ್ಲ? ಅದು ಹೋಗೂದೇ. ನಮ್ಮ ಬಿಸಿಲಿಗೆ ಅದು ನಿಂದ್ರಂಗಿಲ್ಲ ಅಂತ ಅಲ್ಲಿ ಮಂದಿ ಕೀಳೂ ಮುಂದನೇ ಹೇಳಿದ್ರು. ಪೈನೂ ಡೌಟ್ ಅಂದಿದ್ರು.”

ಬಡಿಸುತ್ತಿದ್ದ ಚಿಗವ್ವನ ಕೈ ನಿಂತಿತು. ಅತ್ತೆ, ಭಾವನ ಮುಂದೆ ಗಂಡನೊಡನೆ ಮಾತಾಡುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಅವಳು ಮಾತಾಡಿದಳು.

“ಗೊತ್ತಿತ್ತೇನ್ರಿ ನಿಮಗ? ಎರಡೂ ಬದುಕೂದಿಲ್ಲ ಅಂತ ಗೊತ್ತಿತ್ತು?”

“ಹೂಂ ಮತ್ತ. ನೋಡೂಣು ಅಂತ ತಂದೆ.”

“ಹಂಗಾದ್ರ ಹೊಸ್ತಿಲ ಮ್ಯಾಲ ನಿಂತು ನೀವು ಏನು ಹೇಳಿ ಹೋದ್ರಿ? ಬರೂದಿಲ್ಲ ಅಂತ ಹೇಳಿ ಹೋದ್ರೇನು?”

ಕಾಕಾ ನಗಲು ಬಾಯಿ ತೆರೆದ. ಆಯಿಯ ಮುಖ, ಅವ್ವನ ಮುಖ, ಚಿಗವ್ವನ ಸುಲಿದ ಪಾದ, ಒಂದೊಂದಾಗಿ ನೋಡಿದ. ನಗು ಬರಲಿಲ್ಲ. ತಟ್ಟೆಯ ಮೇಲೆ ಬಗ್ಗಿ ರೊಟ್ಟಿಯ ಚೂರನ್ನು ಪಲ್ಯದಲ್ಲಿ ತಿರುವುತ್ತ ತಿರುವುತ್ತ ಕೂತ.

“ಆಗ ನಮ್ಮನ್ನ ಮ್ಯಾಲಿನ ಹಿಮದ ಠಾಣ್ಯಾಕ ಹಾಕಿದ್ರು. ಮನ್ಯಾಗ ಹೇಳಿರಲಿಲ್ಲ. ವಾಪಸ್ ಬರ್ತೀನಂತ ನನಗೂ ಅನಿಸಿರಲಿಲ್ಲ.”

ಆಯಿ ಕುಳಿತಲ್ಲಿಂದ ಕೈ ಚಾಚಿ, ಬುಟ್ಟಿಯ ಮೇಲಿದ್ದ ಚಿಗವ್ವನ ರೊಟ್ಟಿ ತೆಗೆದುಕೊಂಡು ಮುರಿದಳು. ತಿನ್ನಲಾಗದೆ ಕೈಯಲ್ಲೇ ಹಿಡಿದುಕೊಂಡು ಕೇಳಿದಳು.

“ಈ ಸಲ ಎಲ್ಲಿಗೆ ಹಾಕ್ಯಾರ?”

“ಅಲ್ಲಿಗೇ.”

ರಜೆ ಹೇಗೆ ಕಳೆಯಿತೋ ನನಗೆ ನೆನಪಿಲ್ಲ. ಹೊರಡುವ ಬೆಳಿಗ್ಗೆ ಮಾತ್ರ ಚೆನ್ನಾಗಿ ನೆನಪಿದೆ. ಕಾಕಾ ದೇವರಿಗೆ ಕೈಮುಗಿದು, ಬೂಟು ಹಾಕಿಕೊಂಡು ಬೀದಿ ಬಾಗಿಲಿಗೆ ಬಂದ. ಒಂದು ಕಾಲು ಹೊರಗಿಟ್ಟು, ಅಭ್ಯಾಸಬಲದಿಂದ ತಿರುಗಿ ನಿಂತ. ಅವನ ತುಟಿ ಅಲುಗಿದ್ದನ್ನು ನಾವೆಲ್ಲ ನೋಡಿದೆವು. ಚಿಗವ್ವ ಅವ್ವನನ್ನು ಸರಿಸಿ, ಅಪ್ಪನನ್ನು ಸರಿಸಿ ಮುಂದೆ ಬಂದಳು. ಅತ್ತೆಯ ಎದುರಿಗೆ, ಬಾಗಿಲಲ್ಲಿ ನೆರೆದ ಓಣಿಯ ಎದುರಿಗೆ, ತನ್ನ ಅಂಗೈಯನ್ನು ಗಂಡನ ಬಾಯಿಯ ಮೇಲೆ ಒತ್ತಿ ಇಟ್ಟಳು. ಹೆಂಗಸರು ಯಾರೋ ಅಯ್ಯೋ ಎಂದರು. ಅಪ್ಪ ಆಯಿಯ ಕಡೆ ನೋಡಿದ. ಆಯಿ ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು.

“ಹಂಗೇ ಹಿಡಕೋ ನನ್ನವ್ವ,” ಎಂದಳು. “ಬಸ್ ಹತ್ತೂತನಕ ಕೈ ತಗೀಬ್ಯಾಡ.”